ಸಿಡಿಲನ್ನ ಕರೆದದ್ದು ಮೊಬೈಲ್ ಅಲ್ಲ

ಈ ವಾರ ಶೇಂಗಾ ಬೀಜೋಪಚಾರದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಹೋದ ಗುರುವಾರ ಸಂಜೆ ಭರಣಿ ಮಳೆ ಹೊತ್ತಲ್ಲಿ ನಮ್ಮ ಹೊಲದಲ್ಲಿ ನಡೆದ ಸಂಗತಿ ಸುತ್ತಲ ನಾಲ್ಕು ಹಳ್ಳಿಗೂ ಮುಟ್ಟೈತೆ. ಆದರೆ ತಪ್ಪಾಗಿ ಮುಟ್ಟೈತೆ. ಅದಕ್ಕೇ ಮೊದಲು ಇದು.

ನಡೆದದ್ದು ಇಷ್ಟು. ನಮ್ಮಣ್ಣನ ಮಗ, ಹತ್ತೊಂಬತ್ತು ವರ್ಷದ ಹುಡುಗ, ಮೋಡ ಕಟ್ಟಿದ್ದು ನೋಡಿ ಮೊಬೈಲ್ ಹಿಡ್ಕೊಂಡು ಕೃಷಿ ಹೊಂಡದ ಏರಿ ಮೇಲೆ ಹೋಗಿ ನಿಂತ. ಮಿಂಚಿನ ಫೋಟೊ ತೆಗಿಯೋಕೆ. ಇನ್ನೂ ಒಂದು ಹನಿನೂ ಬಿದ್ದಿರಲಿಲ್ಲ. ಅವನಿಂದ ಐವತ್ತು ಅರವತ್ತು ಮಾರು ಆಚೆ ಇರೋ ತೆಂಗಿನ ಮರಕ್ಕೆ ಸಿಡಿಲು ಬಡೀತು. ಸುಳಿ ಹತ್ತಿ ಉರೀತು, ಹುಡುಗ ಏರಿಯಿಂದ ಕೆಳಕ್ಕುರುಳಿದ. ಪಕ್ಕದ ಹೊಲದಲ್ಲಿದ್ದ ಇಬ್ಬರು ಓಡಿ ಬಂದ್ರು, ಆದರೆ ಮುಟ್ಟಿದ್ರೆ ತಮಗೂ ಹೊಡೆಯುತ್ತೆ ಅಂತ ಹೆದರಿ ದೂರ ನಿಂತ್ರು. ನಾನು ಹೋಗೋ ತನಕ ಅವನು ಹಂಗೇ ಬಿದ್ದಿದ್ದ. ಅರ್ಧ ಗಂಟೆ ಕಾಲು ನಿಲ್ಲಲಿಲ್ಲ. ಆಸ್ಪತ್ರೇಲಿ ಒಂದು ರಾತ್ರಿ ಇಟ್ಕೊಂಡು ಎದೆ ಪರೀಕ್ಷೆ ಮಾಡಿ ಕಳಿಸಿದ್ರು. ಕಿವಿ ಇವತ್ತಿಗೂ ಗುಂಯ್ ಅಂತೈತಂತೆ. ಉಳಿದ, ಅಷ್ಟೇ.

ಮಾರನೇ ದಿನ ಅರಳಿಕಟ್ಟೇಲಿ ತೀರ್ಪು ಆಗೋಯ್ತು: ಮೊಬೈಲ್ ಸಿಡಿಲನ್ನ ಎಳೀತು. ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ನೀನೂ ಮಿಂಚಿನ ಫೋಟೊ ತೆಗಿಯೋನೇ, ನೀನೇನಂತೀಯಪ್ಪ?" ಅಂದ್ರು. ನಾನು ಸುಮ್ನೆ ತಲೆ ಅಲ್ಲಾಡಿಸಿದೆ. ಆ ತಲೆ ಅಲ್ಲಾಡಿಸಿದ್ದು ತಪ್ಪು ಅಂತ ಹೇಳೋಕೇ ಇದನ್ನ ಬರೀತಿರೋದು.

ಕೈಲಿರೋ ಮೊಬೈಲ್ ಸಿಡಿಲನ್ನ ಎಳಿಯಲ್ಲ. ಎಳಿಯೋದಾಗಿದ್ರೆ ನಮ್ಮಜ್ಜನ ಕಾಲದಲ್ಲಿ ಹುಣಸೆ ಮರದ ಕೆಳಗೆ ಕುರಿ ಸಮೇತ ಸತ್ತೋರ ಕೈಲಿ ಯಾವ ಕಂಪನಿ ಫೋನ್ ಇತ್ತು? ಮೋಡದಿಂದ ಇಳಿಯೋ ಸಿಡಿಲು ಕೊನೇ ಗಳಿಗೇಲಿ, ನೆಲಕ್ಕೆ ಹತ್ತಿರ ಬಂದಾಗ, ಅಲ್ಲಿ ಎದ್ದು ನಿಂತಿರೋದರ ಜೊತೆ ಸೇರಿಕೊಳ್ಳುತ್ತೆ. ಬಟಾ ಬಯಲಲ್ಲಿ ಏರಿ ಮೇಲೆ ನಿಂತ ಮನುಷ್ಯನೇ ಒಂದು ಗಿಡ. ಅವತ್ತು ತೆಂಗು ಅವನಿಗಿಂತ ಎತ್ತರ ಇತ್ತು, ಅದಕ್ಕೆ ಬಡೀತು. ಹಾಗಂತ ಎತ್ತರದ ಮರದ ಕೆಳಗೆ ಹೋಗಿ ನಿಂತ್ರೂ ಉಳಿಗಾಲ ಇಲ್ಲ, ಮರದಿಂದ ಮನುಷ್ಯನಿಗೆ ಹಾರುತ್ತೆ. ಮರಕ್ಕೆ ಬಡಿದದ್ದು ನೆಲದೊಳಗೂ ಸುತ್ತ ಹರಡುತ್ತೆ. ಹಾಗೆ ಹರಡುವಾಗ ಒಂದು ಕಾಲಿಂದ ಹತ್ತಿ ಇನ್ನೊಂದು ಕಾಲಿಂದ ಇಳಿಯುತ್ತೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಅದಕ್ಕೇ ಒಂದೇ ಸಿಡಿಲಿಗೆ ಮಂದೆಗೆ ಮಂದೆ ಬೀಳೋದು. ನಮ್ಮ ಹುಡುಗನ ಕಾಲು ಜೋಮು ಹಿಡಿದದ್ದೂ ಇದರಿಂದಲೇ.

ಇನ್ನೊಂದು ಮಾತು. ಸಿಡಿಲು ಬಡಿದೋರ ಮೈಯಲ್ಲಿ ಕರೆಂಟ್ ಉಳಿದಿರಲ್ಲ. ಧೈರ್ಯವಾಗಿ ಮುಟ್ಟಿ. ಉಸಿರು ನಿಂತಿದ್ರೆ ಎದೆ ಒತ್ತಿ, 108ಕ್ಕೆ ಫೋನ್ ಮಾಡಿ. ದೂರ ನಿಂತು ನೋಡಿದ ಪ್ರತಿ ನಿಮಿಷಾನೂ ಜೀವದ ಲೆಕ್ಕ.

ಮೊಬೈಲ್ ಮೇಲೆ ತಪ್ಪು ಹೊರಿಸೋದು ನಮಗೆ ಅನುಕೂಲ. ಯಂತ್ರ ವಾದ ಮಾಡಲ್ಲ. ಅದರ ಮೇಲೆ ಹಾಕಿಬಿಟ್ರೆ, ಹುಡುಗ ಅಲ್ಲಿಗೆ ಯಾಕೆ ಹೋದ ಅಂತ ಯಾರೂ ಕೇಳಲ್ಲ. ನಾನು ಕೇಳಿದೆ, ಆಸ್ಪತ್ರೆ ಮಂಚದ ಪಕ್ಕ ಕೂತು. "ಚಿಕ್ಕಪ್ಪ, ನೀವು ಬದುವಿನ ಮೇಲೆ ನಿಂತು ತೆಗೆದಿದ್ರಲ್ಲ, ಏರಿ ಮೇಲೆ ನಿಂತ್ರೆ ಇನ್ನೂ ಚೆನ್ನಾಗಿ ಬರ್ತದೆ ಅಂದ್ಕೊಂಡೆ" ಅಂದ.

ನಿಮ್ಮಲ್ಲಿ ಬಹಳ ಜನ ಆ ಫೋಟೊ ನೋಡಿದ್ದೀರಿ. ಹೋದ ವರ್ಷ ಕೃತ್ತಿಕೆ ಮಳೇಲಿ ಹಾಕಿದ್ದು. ಗಾಳಿಯಂತ್ರದ ಗುಡ್ಡಗಳ ಹಿಂದೆ ಬೇರುಬಿಟ್ಟ ಮಿಂಚು. ಕೆಳಗೆ ಬರೆದಿದ್ದೆ: ಗುಡುಗು ಸಿಡಿಲಿನ ನಡುವೆ ನಮ್ಮ ಹೊಲದ ಬದುವಿನ ಮೇಲೆ ನಿಂತು ತೆಗೆದದ್ದು. ಅದು ಸುಳ್ಳು. ಮನೆ ಮಾಳಿಗೆ ಕೋಣೇಲಿ, ಗಾಜಿನ ಕಿಟಕಿ ಮುಚ್ಚಿ, ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು, ನಾನು ಹಿಂದೆ ಕುರ್ಚೀಲಿ ಕೂತು ಕಾಫಿ ಕುಡೀತಿದ್ದೆ. ಮಳೆ ಗುಡ್ಡದ ಆಚೆ ಎಲ್ಲೋ ಇತ್ತು, ಗುಡುಗಿನ ಸದ್ದು ಸಹ ಕೇಳ್ತಿರಲಿಲ್ಲ. ಕುರ್ಚಿ ಮೇಲೆ ಕೂತು ತೆಗೆದೆ ಅಂತ ಬರೆದ್ರೆ ಯಾರು ಭೇಷ್ ಅಂತಾರೆ ಅಂತ ಆ ಒಂದು ಸಾಲು ಸೇರಿಸಿದೆ. ಸಿಡಿಲಿನ ಕೆಳಕ್ಕೆ ಆ ಹುಡುಗನನ್ನ ಕರ್ಕೊಂಡು ಹೋದದ್ದು ಆ ಸಾಲು.

ಇದು ನನ್ನೊಬ್ಬನ ಕಾಯಿಲೆ ಅಲ್ಲ. ಈಗ ಮಳೆ ಶುರುವಾದ್ರೆ ಸಾಕು, ವಾಟ್ಸಾಪ್ ತುಂಬ ಇದೇ. ಜೀವ ಪಣಕ್ಕಿಟ್ಟು ತೆಗೆದದ್ದು, ನನ್ನ ಎದುರಿಗೇ ಬಡಿದದ್ದು, ಕೂದಲೆಳೇಲಿ ಪಾರು. ಇಂಥಾ ಮಾತಿಗೆ ನಾವು ಕೈ ಮುಗಿಯೋ ಗುರುತು ಒತ್ತುತೀವಿ. ಒತ್ತೋ ಪ್ರತಿ ಬೆರಳೂ ಇನ್ನೊಬ್ಬ ಹುಡುಗನನ್ನ ಏರಿ ಹತ್ತಿಸುತ್ತೆ.

2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತೋರು 2,887 ಜನ ಅಂತ ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟೈತೆ. ಅವರಲ್ಲಿ ಬಹುಪಾಲು ನಮ್ಮಂಥೋರೇ, ಬಯಲಲ್ಲಿ ದುಡಿಯೋರು. ಕುರಿ ಬಿಟ್ಟು ಓಡೋಕಾಗದೋರು, ಕೊಯ್ದ ಬೆಳೆ ನೆನೆಯುತ್ತೆ ಅಂತ ತಾಡಪಾಲು ಹೊದಿಸೋಕೆ ಹೋದೋರು. ಹೊಟ್ಟೆಪಾಡಿಗೆ ಬಯಲಲ್ಲಿ ನಿಲ್ಲೋ ಜನರ ನಡುವೆ ಮೆಚ್ಚುಗೆಗೆ ಬಯಲಲ್ಲಿ ನಿಲ್ಲೋದು ಧೈರ್ಯ ಅಲ್ಲ. ಅವರಿಗೆ ಮಾಡೋ ಅವಮಾನ.

ಕೆಲವರು ಹೇಳ್ತಾರೆ, ಹಣೇಲಿ ಬರೆದಿದ್ರೆ ಮನೆಯೊಳಗೂ ಬರುತ್ತೆ ಅಂತ. ಸರಿ. ಹಾಗಾದ್ರೆ ಮೋಡ ಕಂಡ ತಕ್ಷಣ ಎತ್ತು ಬಿಚ್ಚಿ ಕೊಟ್ಟಿಗೆಗೆ ಕಟ್ಟೋದ್ಯಾಕೆ? ಬೀಜಕ್ಕೆ ಔಷಧಿ ಹಚ್ಚೋದ್ಯಾಕೆ? ಎತ್ತಿನ ವಿಷಯದಲ್ಲಿ ಇಲ್ಲದ ಹಣೇಬರಹ ಮಗನ ವಿಷಯದಲ್ಲಿ ಎಲ್ಲಿಂದ ಬಂತು?

ಹಾಗಾದ್ರೆ ಈ ಹವ್ಯಾಸನೇ ಬಿಡಬೇಕಾ? ಅದನ್ನೂ ನಾನು ಒಪ್ಪಲ್ಲ. 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನ ವಿಲಿಯಂ ಜೆನ್ನಿಂಗ್ಸ್ ಅನ್ನೋ ಹವ್ಯಾಸಿ ಮಿಂಚಿನ ಫೋಟೊ ತೆಗೆದ. ಅಲ್ಲಿ ತನಕ ಚಿತ್ರಗಾರರು ಮಿಂಚನ್ನ ಗರಗಸದ ಹಲ್ಲಿನಂಗೆ ಅಂಕುಡೊಂಕಾಗಿ ಬರೀತಿದ್ರು. ನಮ್ಮ ನಾಟಕದ ಪರದೆ ಮೇಲೆ ಇವತ್ತಿಗೂ ಹಂಗೇ ಇರ್ತದೆ. ನಿಜವಾದ ಮಿಂಚು ಹಳ್ಳ ಕೊಳ್ಳ ಕವಲೊಡೆದಂಗೆ, ಬೇರು ಬಿಟ್ಟಂಗೆ ಹರಡುತ್ತೆ ಅಂತ ಅವನ ಫೋಟೊ ತೋರಿಸಿಕೊಡ್ತು. ನೋಡೋದು ತಪ್ಪಲ್ಲ. ಮಳೆಗೆ ಕಾಯೋ ನಮಗಿಂತ ಮೋಡ ನೋಡೋ ಹಕ್ಕು ಇನ್ಯಾರಿಗೈತೆ?

ಏರಿ ಹತ್ತೋ ಹುಡುಗರಿಗೆ ಗೊತ್ತಿಲ್ಲದ್ದು ಒಂದೈತೆ. ಹತ್ತಿರದ ಮಿಂಚು ಫೋಟೊಗೆ ಬರಲ್ಲ. ಬಂದ್ರೂ ಬರೀ ಬಿಳಿ ಬೆಳಕು, ಮೇಲಿನ ಕವಲೆಲ್ಲ ಚೌಕಟ್ಟಿನ ಆಚೆ. ಬುಡದಿಂದ ತುದಿ ತನಕ ಕಾಣ್ಬೇಕಾದ್ರೆ ಮಿಂಚು ದೂರ ಇರ್ಬೇಕು. ನನ್ನ ಹತ್ತಿರ ಇರೋ ಒಳ್ಳೇ ಚಿತ್ರಗಳೆಲ್ಲ ಗುಡುಗು ಕೇಳಿಸದಷ್ಟು ದೂರದವು.

ಮಾಡೋ ರೀತಿ ಹೇಳ್ತೀನಿ. ರಾತ್ರಿ ಹೊತ್ತು, ಆರ್‌ಸಿಸಿ ಮನೆ ಒಳಗಡೆ, ಮುಚ್ಚಿದ ಕಿಟಕಿ ಹಿಂದೆ ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕೋಣೆ ದೀಪ ಆರಿಸಿ, ಗಾಜಿನ ಹೊಳಪು ಬರದಂಗೆ ಲೆನ್ಸ್ ಸುತ್ತ ಕಪ್ಪು ಬಟ್ಟೆ ಸುತ್ತಿ. ಐಎಸ್ಒ 100, ಅಪರ್ಚರ್ 5.6 ಅಥವಾ 8, ಶಟರ್ 15ರಿಂದ 20 ಸೆಕೆಂಡ್. ಫೋಕಸ್ಸನ್ನ ಗಾಳಿಯಂತ್ರದ ಕೆಂಪು ದೀಪಕ್ಕೆ ಕೈಯಲ್ಲೇ ಕೂರಿಸಿ. ಒಂದಾದ ಮೇಲೆ ಒಂದು ತಾನೇ ತೆಗೀತಾ ಹೋಗೋ ಹಾಗೆ ಇಟ್ಟು, ನೀವು ಕಿಟಕಿ ಬಿಟ್ಟು ಹಿಂದಕ್ಕೆ ಬನ್ನಿ. ಮಿಂಚು ಕಂಡಮೇಲೆ ಗುಂಡಿ ಒತ್ತಿದ್ರೆ ಸಿಗಲ್ಲ, ಕಣ್ಣು ಕಂಡು ಬೆರಳು ಒತ್ತೋದರೊಳಗೆ ಅದು ಮುಗಿದಿರುತ್ತೆ. ಮೊಬೈಲ್‌ನಲ್ಲಿ ಪ್ರೊ ಮೋಡ್ ಇದ್ರೆ 10 ಸೆಕೆಂಡ್ ಇಡಿ. ಹಗಲು ಹೊತ್ತಾದ್ರೆ ಕಿಟಕೀಲಿ ವಿಡಿಯೊ ಹಚ್ಚಿಟ್ಟು ಆಮೇಲೆ ಅದರಿಂದ ಒಂದು ಚೌಕ ತೆಕ್ಕೊಳ್ಳಿ. ಚಾರ್ಜರ್ ಮಾತ್ರ ಕಿತ್ತಿಡಿ, ಸಿಡಿಲು ತಂತಿ ಹಿಡಿದು ಒಳಗೆ ಬರುತ್ತೆ.

ಮಿಂಚು ಕಂಡಾಗ ಎಣಿಸೋಕೆ ಶುರು ಮಾಡಿ. ಗುಡುಗು ಕೇಳೋ ತನಕ ಆದ ಸೆಕೆಂಡನ್ನ ಮೂರರಿಂದ ಭಾಗಿಸಿದ್ರೆ ಕಿಲೋಮೀಟರ್. ಮೂವತ್ತು ಅಂದ್ರೆ 10 ಕಿಲೋಮೀಟರ್, ಅಷ್ಟು ದೂರದಿಂದ ಒಣ ನೆಲಕ್ಕೂ ಬಡಿಯುತ್ತೆ. ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿದ್ರೆ ಪಕ್ಕಾ ಮನೆಗೆ, ಇಲ್ಲಾಂದ್ರೆ ಗಾಜು ಏರಿಸಿದ ಕಾರಿನೊಳಕ್ಕೆ. ಮೇಲೆ ಕ್ಯಾಬಿನ್ ಇಲ್ಲದ ಟ್ರಾಕ್ಟರ್, ಹೊಲದ ಗುಡಿಸಲು, ಮರದ ಬುಡ, ಇವ್ಯಾವೂ ಆಗಲ್ಲ. ಕೊನೇ ಗುಡುಗಾಗಿ ಅರ್ಧ ಗಂಟೆ ಹೊರಗೆ ಬರ್ಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕ್ಕೊಳ್ಳಿ. ಮೊಬೈಲ್ ಸಿಡಿಲನ್ನ ಎಳಿಯಲ್ಲ, ಎಲ್ಲಿ ಬಡೀತೈತೆ ಅಂತ ಹೇಳುತ್ತೆ.

ಕೊನೇದಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಮಿಂಚಿನ ಫೋಟೊ ಹಾಕೋರು ಕೆಳಗೆ ಎರಡು ವಿಷಯ ಬರೀರಿ: ಎಲ್ಲಿ ಕೂತಿದ್ರಿ, ಮಿಂಚು ಎಷ್ಟು ದೂರ ಇತ್ತು. ಬಯಲಲ್ಲಿ ನಿಂತು ತೆಗೆದದ್ದು ಬಂದ್ರೆ, ಎಷ್ಟೇ ಚೆನ್ನಾಗಿರಲಿ, ಮುಂದಕ್ಕೆ ಕಳಿಸ್ಬೇಡಿ, ಮೆಚ್ಚಬೇಡಿ. ನನ್ನ ಹಳೇ ಫೋಟೊ ತೆಗೆದು ಹಾಕಿಲ್ಲ, ಕೆಳಗಿನ ಸಾಲು ಇವತ್ತು ಬದಲಾಯಿಸಿದ್ದೀನಿ: ಮನೆಯೊಳಗೆ, ಕುರ್ಚಿ ಮೇಲೆ ಕೂತು, ಗುಡುಗು ಕೇಳಿಸುತ್ತಿರಲಿಲ್ಲ. ಅರಳಿಕಟ್ಟೇಲಿ ನನ್ನನ್ನ ಕೇಳಿದ ಹಿರಿಯರಿಗೆ ಯಾರಾದ್ರೂ ಇದನ್ನ ಓದಿ ಹೇಳಿ. ಭಾನುವಾರ ನಾನೇ ಬಂದು ಎದುರಿಗೂ ಹೇಳ್ತೀನಿ.