ದುರ್ಬೀನಿನ ಬುಡ ಭದ್ರವಾಗಿರಲಿ

ಬಂದೂಕಿನ ಗುರಿ ತಪ್ಪಿದಾಗ ಜನರು ಮೊದಲು ದೂರುವುದು ಹಾರಿಸಿದವನ ಕೈಯನ್ನು. ಅನಂತರ ಗುರಿ ನೋಡುವ ದುರ್ಬೀನಿನ ಗಾಜನ್ನು. ಆ ದುರ್ಬೀನನ್ನು ನಳಿಗೆಯ ಮೇಲೆ ಹಿಡಿದು ನಿಲ್ಲಿಸಿರುವ ಪೀಠ, ಎರಡು ಬಳೆ ಮತ್ತು ಕೆಲವು ತಿರುಪುಗಳತ್ತ ನೋಡುವವರು ವಿರಳ. ವಿಚಾರಣೆ ಅಲ್ಲಿಂದಲೇ ಮೊದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಇದು ಕ್ರೀಡಾಪಟುಗಳಿಗಷ್ಟೇ ಸೇರಿದ ಮಾತೆಂದು ವಾಚಕರು ಭಾವಿಸಬಾರದು. ಹಾವೇರಿ ಅರಣ್ಯ ವಿಭಾಗದ ಒಂದು ವಲಯವು ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಹೆಸರನ್ನು ಹೊತ್ತಿದೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಇಂಥ ಸೀಮೆಯಲ್ಲಿ ಅಡವಿಗೂ ಗೋವಿನಜೋಳದ ಹೊಲಕ್ಕೂ ಅಂತರ ಬಹಳವಿಲ್ಲ. ಚಿರತೆಯೊಂದು ಹೊಲಕ್ಕಿಳಿದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಮನಬಂದಂತೆ ಕೊಲ್ಲುವಂತಿಲ್ಲ. ಬೋನಿಗೆ ಬೀಳದ ಪ್ರಾಣಿಗೆ ಕೆಲವೊಮ್ಮೆ ಅರಿವಳಿಕೆ ಮದ್ದು ತುಂಬಿದ ಸೂಜಿಬಾಣವನ್ನೇ ಹಾರಿಸಬೇಕಾಗುತ್ತದೆ. ಆ ಬಾಣ ತೊಡೆ ಅಥವಾ ಭುಜದ ದಪ್ಪ ಮಾಂಸಖಂಡಕ್ಕೆ ನಾಟಬೇಕು. ಗೇಣಷ್ಟು ಸರಿದು ಹೊಟ್ಟೆಗೋ ಎದೆಗೂಡಿಗೋ ಹೊಕ್ಕರೆ ಪ್ರಾಣಿಯ ಜೀವಕ್ಕೇ ಸಂಚಕಾರ. ಪೂರ್ತಿ ತಪ್ಪಿದರೆ ಎದುರು ನಿಂತವರ ಜೀವಕ್ಕೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ‘ಆನೆ ವೆಂಕಟೇಶ್’ ಎಂದು ಹೆಸರಾಗಿದ್ದ ಅರಿವಳಿಕೆ ನಿಪುಣರು ಗಾಯಗೊಂಡ ಭೀಮನೆಂಬ ಕಾಡಾನೆಗೆ ಬಲಿಯಾದರು. ಅಲ್ಲಿ ಸಲಕರಣೆ ಕೈಕೊಟ್ಟಿತೆಂದು ನಾವು ಹೇಳುತ್ತಿಲ್ಲ. ಬಾಣ ಹಾರಿಸಿದ ಮೇಲೂ ಇಷ್ಟು ಅಪಾಯವಿರುವ ಕೆಲಸದಲ್ಲಿ, ತಡೆಯಬಹುದಾದ ಒಂದು ದೋಷವನ್ನೂ ಉಳಿಸಿಕೊಳ್ಳಬಾರದೆಂಬುದಷ್ಟೇ ನಮ್ಮ ಮಾತು.

ದೋಷ ಎಷ್ಟು ಚಿಕ್ಕದಾದರೆ ಸಾಕೆಂಬುದನ್ನು ಲೆಕ್ಕ ಹಾಕೋಣ. ಎರಡು ಬಳೆಗಳ ನಡುವೆ 10 ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳಿ. ಒಂದು ಬಳೆ 0.1 ಮಿಲಿಮೀಟರ್, ಅಂದರೆ ಕಾಗದದ ಒಂದು ಹಾಳೆಯ ದಪ್ಪದಷ್ಟು, ಪಕ್ಕಕ್ಕೆ ಸರಿದರೆ ದೃಷ್ಟಿರೇಖೆ ಸಾವಿರಕ್ಕೆ ಒಂದರಂತೆ ಓರೆಯಾಗುತ್ತದೆ. 100 ಮೀಟರ್ ದೂರದಲ್ಲಿ ಇದು 10 ಸೆಂಟಿಮೀಟರ್ ತಪ್ಪು. ಸಡಿಲಾದ ಬಳೆ ಅರ್ಧ ಮಿಲಿಮೀಟರ್ ಜಾರಿದರೆ, ಬರಿಯ 30 ಮೀಟರಿನಲ್ಲೇ ತಪ್ಪು 15 ಸೆಂಟಿಮೀಟರ್.

ದೋಷವನ್ನು ಹುಡುಕುವುದಕ್ಕೊಂದು ಕ್ರಮವುಂಟು. ಬಂದೂಕನ್ನು ಮರಳಿನ ಚೀಲದ ಮೇಲೆ ಭದ್ರವಾಗಿರಿಸಿ, ಒಂದೇ ಗುರಿಗೆ ಐದು ಸಲ ಹಾರಿಸಬೇಕು. ತೂತುಗಳೆಲ್ಲ ಒತ್ತೊತ್ತಾಗಿ ಬಿದ್ದು ಗುರಿಯಿಂದ ದೂರವಿದ್ದರೆ, ದುರ್ಬೀನಿನ ಹೊಂದಿಕೆಯ ಗುಂಡಿಯನ್ನು ತಿರುಗಿಸಿದರೆ ಸಾಕು. ಗುಂಡಿ ಕೊನೆ ಮುಟ್ಟಿದರೂ ಗುರಿ ಸಿಕ್ಕದಿದ್ದರೆ ಪೀಠವೇ ಓರೆ. ತೂತುಗಳು ಚೆದರಿದ್ದರೆ ಮೊದಲು ಪೀಠದ ತಿರುಪುಗಳನ್ನು ಪರೀಕ್ಷಿಸಬೇಕು. ತಿರುಪು ಅಳತೆಗಿಂತ ಉದ್ದವಾಗಿದ್ದರೆ ಅದು ತೂತಿನ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ. ಪೀಠ ಮಾತ್ರ ಸಡಿಲಾಗಿಯೇ ಇರುತ್ತದೆ. ಇಂದು ಸರಿಯಿದ್ದು ನಾಳೆ ತಪ್ಪುವುದಾದರೆ ಬಳೆಯೊಳಗೆ ಕೊಳವೆ ಜಾರುತ್ತಿರಬಹುದು. ಎರಡರ ಮೇಲೂ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಕಳ್ಳತನ ಬಯಲಾಗುತ್ತದೆ. ಹಾಗೆಂದು ಒಂದೇ ಪಕ್ಕವನ್ನು ಬಲವಾಗಿ ಬಿಗಿದರೆ ಕೊಳವೆ ನಜ್ಜಾಗುತ್ತದೆ. ಎಲ್ಲ ತಿರುಪುಗಳನ್ನೂ ಸರದಿಯಂತೆ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ದುರ್ಬೀನಿನೊಳಗಿನ ಅಡ್ಡಗೆರೆ ವಾಲಿದೆಯೇ ಎಂಬುದನ್ನು ಗೌಂಡಿಯ ತೂಗುಗುಂಡೇ ಹೇಳಬಲ್ಲದು. ಬಂದೂಕು ಅಲುಗದಿರುವಾಗ ಕಣ್ಣು ಸರಿಸಿದೊಡನೆ ಅಡ್ಡಗೆರೆಯೂ ಗುರಿಯ ಮೇಲೆ ಸರಿದರೆ, ಆ ದೋಷ ಮಸೂರದ ಹೊಂದಿಕೆಯದು, ಜೋಡಣೆಯದಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

ಅರಿವಳಿಕೆಯ ಬಂದೂಕಿಗೆ ಇನ್ನೊಂದು ಎಚ್ಚರ ಬೇಕು. ಅನಿಲದ ಒತ್ತಡದಿಂದ ಹೊರಡುವ ಅದರ ಬಾಣ ಭಾರವಾದುದು, ನಿಧಾನವಾದುದು. ಬೇಗನೆ ಕೆಳಕ್ಕೆ ಬಾಗುತ್ತದೆ. ಒಂದು ತೂಕ, ಒಂದು ಒತ್ತಡ, ಒಂದು ದೂರಕ್ಕೆ ಹೊಂದಿಸಿದ ಗುರಿ ಇನ್ನೊಂದಕ್ಕೆ ಸಲ್ಲದು.

ಇನ್ನೂ ಬೆಲೆಬಾಳುವ ದುರ್ಬೀನು ಕೊಂಡರೆ ಎಲ್ಲವೂ ಸರಿಹೋಗುವುದೆಂಬ ವಾದವನ್ನು ನಾವು ಒಪ್ಪಲಾರೆವು. ಅಲುಗಾಡುವ ಕಂಬಕ್ಕೆ ದೊಡ್ಡ ದೀಪ ತೂಗುಹಾಕಿದರೆ ಬೆಳಕಿನೊಡನೆ ಓಲಾಟವೂ ಹೆಚ್ಚುವುದಷ್ಟೇ. ಬೇಕಾದುದು ಅಳತೆಯಷ್ಟೇ ಬಿಗಿಯುವ ಒಂದು ತಿರುಪುಳಿ, ಬಣ್ಣದ ಗೆರೆ, ತಪಾಸಣೆಯ ದಿನಾಂಕ ಬರೆಯುವ ಒಂದು ವಹಿ. ಕಾಡುದಾರಿಯಲ್ಲಿ ಜೀಪಿನಲ್ಲಿ ಕುಲುಕಾಡಿ ಬಂದ ಬಂದೂಕನ್ನು, ಅದನ್ನು ಹಾರಿಸುವವರೇ ಹುಲ್ಲಿನ ಗುರಿಗೆ ಹಾರಿಸಿ ನೋಡುವ ಪದ್ಧತಿ ಪ್ರತಿ ವಲಯದಲ್ಲೂ ನಿಯಮವಾಗಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಉಳಿಯುವುದಾದರೋ ಒಂದು ಚಿರತೆಯ ಪ್ರಾಣ, ಅಥವಾ ಅದರೆದುರು ನಿಂತ ಒಬ್ಬ ಅರಣ್ಯರಕ್ಷಕನ ಪ್ರಾಣ.