ತಾತಗುಣಿಗೆ ಮೊದಲು ಮಾಲಿಗಳು ಬೇಕು

ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಮಾತು ಬಂದಾಗಲೆಲ್ಲ ಕೇಳಿಬರುವುದು ಮ್ಯೂಸಿಯಂ ವಿಚಾರ. ರಷ್ಯಾ ಮೂಲದ ಕಲಾವಿದ ಸ್ವೆತೊಸ್ಲಾವ್ ರೋರಿಕ್, ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ನಟಿ ದೇವಿಕಾರಾಣಿ ಬಾಳಿದ ಜಾಗ ಅದು. ಅವರ ಚಿತ್ರಗಳು, ವಸ್ತುಗಳು ಜನರ ಕಣ್ಣಿಗೆ ಬೀಳಬೇಕು, ಒಪ್ಪೋಣ. ಆದರೆ ಸುಮಾರು 468 ಎಕರೆಯಲ್ಲಿ ಮನೆ ಎಷ್ಟು ಜಾಗ ಹಿಡಿದೀತು? ಉಳಿದದ್ದು ತೋಟ, ಕಾಡು, ಕೆರೆ. ಅದರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ಅದು ಶೋಕಿಗೆ ಮಾಡಿದ ಕೈತೋಟವಲ್ಲ. ದಂಪತಿ ಅಲ್ಲಿ ಬೆಳೆಸಿದ್ದು ಲಿನಾಲೋ. ಮೆಕ್ಸಿಕೊದಿಂದ ಬಂದ ಸುಗಂಧದ ಮರ. ಮೆಕ್ಸಿಕೊದಲ್ಲಿ ಮರದ ಕಟ್ಟಿಗೆಯಿಂದಲೇ ಎಣ್ಣೆ ತೆಗೆಯುತ್ತಿದ್ದರು. ನಮ್ಮಲ್ಲಿ ಕಾಯಿಯ ಸಿಪ್ಪೆಯನ್ನು ಹಬೆಯಲ್ಲಿ ಭಟ್ಟಿ ಇಳಿಸಿ ಅತ್ತರು, ಸಾಬೂನಿಗೆ ಬೇಕಾದ ಎಣ್ಣೆ ಪಡೆಯುತ್ತಾರೆ. ಮರ ಕಡಿಯದೆ ವರ್ಷ ವರ್ಷವೂ ಫಸಲು. ಕೊಂಬೆ ಕಡಿದು ನೆಟ್ಟರೂ ಬೇರು ಬಿಡುವ ಜಾತಿ ಇದು. ಹೀಗಿರುವಾಗ ಹಳೆಯ ಮರದ ಸಂತತಿಯನ್ನು ಅದೇ ಮಣ್ಣಿನಲ್ಲಿ ಮುಂದುವರಿಸುವುದಕ್ಕೆ ಕೋಟಿಗಟ್ಟಲೆ ಯೋಜನೆ ಏಕೆ ಬೇಕು? ಬೇಕಾದದ್ದು ಕೆಲಸ ಬಲ್ಲ ಕೈ.

ರೋರಿಕ್ 1993ರಲ್ಲಿ, ದೇವಿಕಾರಾಣಿ 1994ರಲ್ಲಿ ತೀರಿಕೊಂಡರು. ಎಸ್ಟೇಟನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. ಅದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2011ರಲ್ಲಿ. ವ್ಯಾಜ್ಯ ನಡೆಯುವಾಗ ಕಡತಕ್ಕೆ ವಯಸ್ಸಾಗುವುದಿಲ್ಲ, ಮರಕ್ಕೆ ಆಗುತ್ತದೆ. ಪೊದೆ ಹಬ್ಬುತ್ತದೆ, ಕಾಲುದಾರಿ ಮುಚ್ಚುತ್ತದೆ, ಯಾವ ಮರ ಎಲ್ಲಿದೆಯೆಂದು ಬಲ್ಲ ಹಳೆಯ ಆಳುಗಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹೆಲಿಗನ್ ಎಂಬ ಎಸ್ಟೇಟ್ ಇದೆ. ಮೊದಲ ಮಹಾಯುದ್ಧಕ್ಕೆ ಹೋದ ಅಲ್ಲಿನ ಮಾಲಿಗಳಲ್ಲಿ ಹೆಚ್ಚಿನವರು ಮರಳಲಿಲ್ಲ. ತೋಟ ಮುಳ್ಳುಪೊದೆಯೊಳಗೆ ಹೂತುಹೋಯಿತು. 1990ರಲ್ಲಿ ಪೊದೆ ಸವರಿ ಒಳಹೊಕ್ಕವರಿಗೆ ಶೌಚಾಲಯದ ಗೋಡೆಯ ಮೇಲೆ ಆ ಮಾಲಿಗಳು ಪೆನ್ಸಿಲಿನಲ್ಲಿ ಗೀಚಿದ ಹೆಸರುಗಳು ಕಂಡವು, ಜೊತೆಗೆ 1914ರ ಆಗಸ್ಟ್ ಎಂಬ ಬರಹ. ಆ ಹೆಸರುಗಳೇ ಜೀರ್ಣೋದ್ಧಾರಕ್ಕೆ ದಿಕ್ಕು ತೋರಿಸಿದವು. ಹುಲ್ಲುಹಾಸು ಹಾಸಿ ಕೈತೊಳೆದುಕೊಳ್ಳದೆ, ಆ ಮಾಲಿಗಳ ದುಡಿಮೆಯನ್ನೇ ಮತ್ತೆ ಕಲಿತರು. ಕುದುರೆ ಲದ್ದಿಯ ಕಾವಿನಲ್ಲಿ ಅನಾನಸ್ ಬೆಳೆಯುವ ಹಳೆಯ ವಿದ್ಯೆಯನ್ನೂ ಬಿಡಲಿಲ್ಲ. ತೋಟ ಉಳಿಯುವುದು ಹೀಗೆ.

ನಮ್ಮಲ್ಲಿ ‘ಅಭಿವೃದ್ಧಿ’ ಎಂದರೆ ಕಾಂಕ್ರೀಟ್ ಹಾದಿ, ಬಣ್ಣದ ದೀಪ, ಸಂಗೀತ ಕಾರಂಜಿ. ತಾತಗುಣಿಗೆ ಇವು ಖಂಡಿತ ಬೇಡ. ಅದು ಬನ್ನೇರುಘಟ್ಟ ಕಾಡಿನ ಸೆರಗಿನಲ್ಲಿದೆ, ಅಲ್ಲಿನ ಕೆರೆಗೆ ಆನೆಗಳು ಬರುತ್ತವೆ. ರಾತ್ರಿ ಕತ್ತಲಾಗಿಯೇ ಇರಬೇಕು. ಯಾವ ಮಾರ್ಗದಲ್ಲಿ ಆನೆ ಸಾಗುತ್ತದೆಂದು ಅರಣ್ಯ ಇಲಾಖೆಯನ್ನು ಕೇಳಿ, ಆಮೇಲೆ ಜನರ ಹಾದಿ ಗುರುತು ಮಾಡಲಿ.

ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು: ಟೆಂಡರ್ ಕರೆಯುವ ಮೊದಲು ಒಂದೊಂದು ಮರಕ್ಕೂ ನಂಬರ್ ಹಾಕಿಸಿ, ನಕ್ಷೆ ಮಾಡಿಸಿ. ತೋಟದಲ್ಲಿ ದುಡಿದವರು, ಅವರ ಮಕ್ಕಳು ಸುತ್ತಲಿನ ಹಳ್ಳಿಗಳಲ್ಲಿದ್ದರೆ ಹುಡುಕಿ ಮಾತಾಡಿಸಿ, ಬರೆದಿಡಿ. ಗುತ್ತಿಗೆಗಲ್ಲ, ಕಾಯಂ ಆಗಿ ಮಾಲಿಗಳನ್ನು ನೇಮಿಸಿ. ಮಳೆಗಾಲ ಶುರುವಾಗುವ ಹೊತ್ತಿಗೆ ಲಿನಾಲೋ ಸಸಿಗಳು ಸಿದ್ಧವಾಗಿರಲಿ.