ಕನಸಿಗೆ ಅರ್ಥಕೋಶವಿಲ್ಲ

ಲೂಯಿಸ್ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ ಸೇರಿ ರಚಿಸಿದ 'ಅನ್ ಶಿಯೆನ್ ಆಂದಲೂ' (1929) ಚಿತ್ರದ ಆರಂಭದಲ್ಲೇ ತೆಳುಮೋಡವೊಂದು ಚಂದ್ರನನ್ನು ಹಾಯುತ್ತದೆ. ಮರುಕ್ಷಣ ಕ್ಷೌರದ ಕತ್ತಿ ಕಣ್ಣನ್ನು ಸೀಳುತ್ತದೆ. ಕೂಡಲೇ ನಮ್ಮ ಕೆಲವು ವಿಮರ್ಶಕರ ಲೇಖನಿ ಚುರುಕಾಗುತ್ತದೆ: ಕತ್ತಿಯೆಂದರೆ ಶಿಶ್ನಚ್ಛೇದದ ಭಯ, ಅಂಗೈಯಿಂದ ಹೊರಬರುವ ಇರುವೆಗಳೆಂದರೆ ಅದುಮಿಟ್ಟ ಕಾಮ. ಕೇಂದ್ರ ಸರಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ, ಓದದೆಯೇ ವಿಲೇವಾರಿ ಮಾಡುವ ಈ ಚಾಳಿಯ ಪರಿಚಯ ಚೆನ್ನಾಗಿಯೇ ಇದೆ.

ಇವರು ಆಶ್ರಯಿಸುವ ಫ್ರಾಯ್ಡನೇ ಇವರ ಪಕ್ಷದಲ್ಲಿಲ್ಲ. ಕೆಲವು ಸಂಕೇತಗಳು ಸಾರ್ವತ್ರಿಕವೆಂದು ಆತ ಒಪ್ಪಿದ್ದು ನಿಜ. ಆದರೆ ಅವು ಪೂರಕ ಮಾತ್ರ, ಕನಸು ಕಂಡವನ ಮನಸ್ಸಿನಲ್ಲಿ ಅದರ ಸುತ್ತ ಮೂಡುವ ನೆನಪುಗಳೇ ಅರ್ಥದ ಹೆದ್ದಾರಿ ಎಂದ. ಕನಸುಗಳ ಸಂಕಲನಕ್ಕಾಗಿ ಆಂದ್ರೆ ಬ್ರೆತಾನ್ ಬರೆದಾಗ, ಅಂಥ ಹಿನ್ನೆಲೆಯಿಲ್ಲದ ಬರಿಯ ಕನಸುಗಳು ತನಗೇನನ್ನೂ ಹೇಳವೆಂದು 1937ರಲ್ಲಿ ಉತ್ತರಿಸಿದ. ಈ ಚಿತ್ರದಲ್ಲಂತೂ ಕನಸುಗಾರರು ಇಬ್ಬರು: ಮೋಡ ಮತ್ತು ಕಣ್ಣು ಬುನ್ಯುಯೆಲನವು, ಇರುವೆಗಳು ಡಾಲಿಯವು. ಯಾರನ್ನು ಮಂಚದ ಮೇಲೆ ಮಲಗಿಸಿ ಪ್ರಶ್ನಿಸುವುದು?

ತರ್ಕಕ್ಕೆ ದಕ್ಕುವ ಯಾವ ಪ್ರತಿಮೆಯೂ ಬೇಡವೆಂಬುದು ಅವರಿಬ್ಬರೂ ವಿಧಿಸಿಕೊಂಡ ನಿಯಮ. ಆದರೂ, ಸಂಕೇತಗಳನ್ನು ಶೋಧಿಸಲು ಬಹುಶಃ ಮನೋವಿಶ್ಲೇಷಣೆಯೊಂದೇ ಮಾರ್ಗವೆಂದು ಬುನ್ಯುಯೆಲನೇ ಹೇಳಿದ್ದುಂಟು. ನಾನೂ ಆ ಬಾಗಿಲನ್ನು ಮುಚ್ಚುವವನಲ್ಲ. ಆದರೆ ವಿಶ್ಲೇಷಣೆ ಪ್ರೇಕ್ಷಕನಿಂದ ಆರಂಭವಾಗಲಿ: ಆ ಕ್ಷಣ ನಾನೇಕೆ ಮುಖ ತಿರುಗಿಸಿದೆ? ಕತ್ತಿ ಸೀಳಬಯಸಿದ್ದು ನೋಡುವವನ ಕಣ್ಣನ್ನೇ. ಅದಕ್ಕೊಂದು ಅರ್ಥ ಹಚ್ಚಿ ನೆಮ್ಮದಿಯಿಂದ ಮನೆಗೆ ಹೋದವನು ಚಿತ್ರವನ್ನು ನೋಡಿಲ್ಲ, ಅದರಿಂದ ತಪ್ಪಿಸಿಕೊಂಡಿದ್ದಾನೆ.